ಸೀಟಿ ಇಲ್ಲದ ರೆಫ್ರಿ

ರೆಫ್ರಿ ಅಂದ ಕೂಡಲೇ ನಮ್ಮ ಕಡೆಯವರ ಕಣ್ಣ ಮುಂದೆ ಬರೋದು ಕಬಡ್ಡಿ ಅಂಕಣ. ಕುತ್ತಿಗೆಗೆ ಸೀಟಿ, ಗೆರೆ ಮೇಲೆ ಕಣ್ಣು, ಸುತ್ತ ಎರಡೂ ಊರಿನ ಹುಡುಗರ ಗಲಾಟೆ. ಇದೇ ಹೆಸರಿನ ಇನ್ನೊಬ್ಬ ಮನುಷ್ಯ ಇದಾನೆ. ಅವನಿಗೆ ಸೀಟಿ ಇಲ್ಲ, ಅಂಕಣ ಇಲ್ಲ, ನೋಡೋ ಜನ ಇಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಯಾರೋ ಬರೆದ ಸಂಶೋಧನಾ ಪ್ರಬಂಧ ಅಚ್ಚಾಗೋ ಮುಂಚೆ ಅದನ್ನ ಓದಿ, ಎಲ್ಲಿ ಸರಿ ಎಲ್ಲಿ ತಪ್ಪು ಅಂತ ಸಂಪಾದಕರಿಗೆ ಬರೆದು ಕಳಿಸೋದು ಅವನ ಕೆಲಸ. ಈ ಪದ ಆಟದ ಮೈದಾನಕ್ಕೆ ಬರೋ ಮುಂಚೆ ವ್ಯಾಜ್ಯ ತೀರ್ಮಾನ ಮಾಡೋರಿಗೆ ಇತ್ತು. ಯಾರ ಬಳಿಗೆ ಒಂದು ವಿಷಯವನ್ನ ತೀರ್ಮಾನಕ್ಕೆ ಒಪ್ಪಿಸ್ತಾರೋ ಅವನೇ ರೆಫ್ರಿ. ಈ ಕೆಲಸಕ್ಕೆ ಇವತ್ತು ಇರೋ ಹೆಸರು ಪೀರ್ ರಿವ್ಯೂ. ನಾನು ಇದಕ್ಕೆ 'ಸರೀಕರ ಪರಿಶೀಲನೆ' ಅಂತೀನಿ. "ಸರೀಕರ ಮುಂದೆ ಮಾನ ಕಳೀಬೇಡ" ಅಂತ ಮನೇಲಿ ಬೈಸಿಕೊಂಡೋರಿಗೆ ಇದಕ್ಕಿಂತ ಚೆನ್ನಾಗಿ ಅರ್ಥ ಆಗೋ ಪದ ಇಲ್ಲ :)

ಇದನ್ನೆಲ್ಲ ಈಗ ಯಾಕೆ ಬರೀತಿದೀನಿ ಅಂದ್ರೆ, ಹಗರಿಬೊಮ್ಮನಹಳ್ಳಿ ಕಡೆಯ ಹಿರಿಯ ಗೆಳೆಯರೊಬ್ಬರು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು. ಪಿಎಚ್‌ಡಿ ಮುಗಿಸಿದಾರೆ. ಅವರು ಫೋನಿನಲ್ಲಿ ಕೇಳಿದ ಪ್ರಶ್ನೆ ಇದು: "ಅಲ್ಲ ತಮ್ಮ, ಈ ಕ್ರೀಡಾ ವಿಜ್ಞಾನದ ಜರ್ನಲ್‌ಗಳಿಗೆ ರಿವ್ಯೂವರ್ ಆಗಬೇಕಂದ್ರ ಯಾರನ್ನ ಹಿಡೀಬೇಕು?"

ಯಾರನ್ನ ಹಿಡೀಬೇಕು! ನಮ್ಮ ಕಡೆ ರೇಷನ್ ಕಾರ್ಡಿಂದ ಹಿಡಿದು ವರ್ಗಾವಣೆವರೆಗೆ ಎಲ್ಲ ಕೆಲಸದ ಮೊದಲ ಪ್ರಶ್ನೆ ಅದೇ. ನಗು ಬಂತು, ನಿಜ. ಆದರೆ ಹುಡುಕ್ತಾ ಹೋದಾಗ ಈ ಪ್ರಶ್ನೆಗೆ ಮುನ್ನೂರೈವತ್ತು ವರ್ಷಗಳ ಚರಿತ್ರೆಯೇ ಇದೆ ಅಂತ ಗೊತ್ತಾಯ್ತು. ಬಹಳ ಕಾಲ ನಿಜವಾಗಿಯೂ ಯಾರನ್ನಾದರೂ ಹಿಡೀಲೇಬೇಕಿತ್ತು. ಆ ಕಥೆಯೇ ಈ ಬರಹ. ಸ್ವಲ್ಪ ಉದ್ದ ಇದೆ, ಚಹಾ ಇಟ್ಟುಕೊಂಡು ಓದಿ.

ಮೊದಲು ಊರಿನ ಗುರುತು ಹೇಳಿಬಿಡ್ತೀನಿ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿ ಆರು ತಾಲ್ಲೂಕು. ಹೊಸಪೇಟೆ ಹಂಪಿಯಿಂದಾಗಿ ಎಲ್ಲರಿಗೂ ಗೊತ್ತು. ಉಳಿದ ಐದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂದು, ಆಮೇಲೆ ವಿಜಯನಗರಕ್ಕೆ ಸೇರಿದ್ದು. ಈ ಐದು ತಾಲ್ಲೂಕುಗಳನ್ನ ಮನಸ್ಸಲ್ಲಿ ಇಟ್ಟುಕೊಂಡೇ ಓದಿ, ಕೊನೆಗೆ ಅಲ್ಲಿಗೇ ಬರ್ತೀನಿ.

ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ ನಿಮಗೆ ಗೊತ್ತಿರಬಹುದು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲು ಏರಿ ಒಂದೇ ಒಂದು ಸಾಲು ನುಡೀತಾರೆ. ಲಕ್ಷಾಂತರ ಜನ ಉಸಿರು ಹಿಡಿದು ಕೇಳ್ತಾರೆ. ಆಮೇಲೆ ಅದು ಮಳೆಗೆ ಹೇಳಿದ್ದು ಅಂತ ರೈತರು, ಸರ್ಕಾರಕ್ಕೆ ಹೇಳಿದ್ದು ಅಂತ ರಾಜಕಾರಣಿಗಳು ಅರ್ಥ ಮಾಡಿಕೊಳ್ತಾರೆ. "ಇದು ನಿಮಗೆ ಹೆಂಗೆ ಗೊತ್ತಾಯ್ತು?" ಅಂತ ಅಲ್ಲಿ ಯಾರೂ ಕೇಳಲ್ಲ, ಕೇಳಬೇಕಾಗಿಯೂ ಇಲ್ಲ, ಅದು ನಂಬಿಕೆಯ ಜಾಗ. ವಿಜ್ಞಾನದ ಪ್ರಬಂಧದಲ್ಲಿ ಮಾತ್ರ ಮೊದಲ ಪ್ರಶ್ನೆಯೇ ಅದು. ಯಾವ ಅಳತೆ, ಎಷ್ಟು ಜನರ ಮೇಲೆ, ಯಾರು ಅಳೆದರು, ಲೆಕ್ಕ ಹೇಗೆ ಮಾಡಿದಿರಿ? ಈ ಪ್ರಶ್ನೆಗಳನ್ನ ಎಲ್ಲರ ಪರವಾಗಿ ಮೊದಲು ಕೇಳೋನೇ ಸೀಟಿ ಇಲ್ಲದ ರೆಫ್ರಿ. ಸಾಫ್ಟ್‌ವೇರ್‌ನವರಿಗೆ ಇದು ಹೊಸದಲ್ಲ. ನಾವು ಬರೆದ ಕೋಡನ್ನ ಪಕ್ಕದ ಸೀಟಿನವರು ಓದಿ ಸರಿ ಅನ್ನೋವರೆಗೂ ಅದು ಮುಂದಕ್ಕೆ ಹೋಗಲ್ಲವಲ್ಲ, ಹಾಗೇ.

*

ಕಥೆ ಶುರುವಾಗೋದು 1665ರ ಲಂಡನ್ನಿನಲ್ಲಿ. ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ 'ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್' ಅನ್ನೋ ಪತ್ರಿಕೆ ಶುರು ಮಾಡಿದರು. ಅವತ್ತು ಯಾರನ್ನ ಹಿಡೀಬೇಕಿತ್ತು? ಓಲ್ಡನ್‌ಬರ್ಗ್ ಒಬ್ಬರನ್ನೇ. ಯುರೋಪಿನ ವಿದ್ವಾಂಸರ ಕಾಗದಗಳು ಅವರ ಕೈಗೆ ಬರ್ತಿದ್ದವು, ಅದರಲ್ಲಿ ಯಾವುದು ಅಚ್ಚಾಗಬೇಕು ಅನ್ನೋದು ಅವರ ಆಯ್ಕೆ.

1752ರಲ್ಲಿ ಪತ್ರಿಕೆಯ ಹೊಣೆಯನ್ನ ಸೊಸೈಟಿಯೇ ತೆಗೆದುಕೊಂಡಿತು, ಆಯ್ಕೆಗೆ ಒಂದು ಸಮಿತಿ ಬಂತು. ಆಗ ಅವರು ಪತ್ರಿಕೆಯಲ್ಲಿ ಹಾಕಿದ ಪ್ರಕಟಣೆಯ ಸಾರಾಂಶ ನನಗೆ ಬಹಳ ಇಷ್ಟ: ಪ್ರಬಂಧ ಅಚ್ಚು ಮಾಡ್ತೀವಿ ಅಂದ ಮಾತ್ರಕ್ಕೆ ಅದರಲ್ಲಿರೋದೆಲ್ಲ ಸತ್ಯ ಅಂತ ಸೊಸೈಟಿ ಹೇಳ್ತಿಲ್ಲ, ಅದರ ಹೊಣೆ ಬರೆದವರದ್ದೇ. ಅಂದರೆ ಶುರುವಿನಿಂದಲೂ ಅಚ್ಚಾಗೋದು ಬೇರೆ, ಸತ್ಯ ಅನ್ನೋದು ಬೇರೆ. ಇವತ್ತು ಟಿವಿಯಲ್ಲಿ "ಜರ್ನಲ್‌ನಲ್ಲಿ ಬಂದಿದೆ" ಅಂದರೆ ಮುಗೀತು, ಆ ಮಾತೇ ಕಾರಣಿಕ ಆಗಿಬಿಡುತ್ತೆ!

ಬರೆದು ಕೊಡೋ ರಿವ್ಯೂ ಬಂದಿದ್ದು 1830ರ ದಶಕದಲ್ಲಿ. ವಿಲಿಯಂ ಹ್ಯೂವೆಲ್ ಅನ್ನೋ ವಿದ್ವಾಂಸರು ಪ್ರತಿ ಪ್ರಬಂಧದ ಮೇಲೂ ಸೊಸೈಟಿಯವರು ಒಂದು ವರದಿ ಬರೀಬೇಕು ಅಂತ 1831ರಲ್ಲಿ ಸಲಹೆ ಕೊಟ್ಟರು. ಮೊದಲಿಗೆ ಸಿಕ್ಕಿದ್ದು ಜಾರ್ಜ್ ಏರಿ ಅವರು ಭೂಮಿ ಮತ್ತು ಶುಕ್ರ ಗ್ರಹಗಳ ಚಲನೆ ಬಗ್ಗೆ ಬರೆದ ಪ್ರಬಂಧ. ಓದೋರು ಇಬ್ಬರು, ಹ್ಯೂವೆಲ್ ಮತ್ತು ಜಾನ್ ಲುಬ್ಬಕ್. ಏನಾಯ್ತು ಗೊತ್ತಾ? ಇಬ್ಬರಿಗೂ ಜಗಳ! ಒಳ್ಳೆ ಕೆಲಸವನ್ನ ಲೋಕಕ್ಕೆ ಎತ್ತಿ ತೋರಿಸೋದೇ ವರದಿಯ ಉದ್ದೇಶ ಅಂತ ಹ್ಯೂವೆಲ್. ಅದೆಲ್ಲ ಇರಲಿ, ಲೆಕ್ಕದಲ್ಲಿ ಕೊರತೆ ಇದೆಯಲ್ಲ ಅಂತ ಲುಬ್ಬಕ್. ಹಗ್ಗಜಗ್ಗಾಟ ಮುಗಿದು 1832ರಲ್ಲಿ ಜಂಟಿ ವರದಿ ಹೊರಬಂತು. ರಿವ್ಯೂ ಅಂದರೆ ಬೆನ್ನು ತಟ್ಟೋದೋ ತಪ್ಪು ಹುಡುಕೋದೋ ಅನ್ನೋ ಆ ಮೊದಲ ಜಗಳ ಇವತ್ತಿಗೂ ತೀರಿಲ್ಲ. ಹ್ಯೂವೆಲ್‌ಗೆ ವರದಿಗಳು ಬಹಿರಂಗವಾಗಿರಬೇಕು ಅಂತ ಆಸೆ ಇತ್ತು. ಅದು ಬೇಗನೆ ನಿಂತುಹೋಗಿ, ರೆಫ್ರಿ ಪರದೆ ಹಿಂದೆ ಸೇರಿಕೊಂಡ.

ಆದರೂ ಹಿಡಿಯೋ ಪದ್ಧತಿ ಹೋಗಲಿಲ್ಲ. ಸೊಸೈಟಿಯ ಸದಸ್ಯರಲ್ಲದವರು ಪ್ರಬಂಧ ಕೊಡಬೇಕು ಅಂದರೆ ಯಾರಾದರೂ ಸದಸ್ಯರ ಮೂಲಕವೇ ಕೊಡಬೇಕು. ಈ ನಿಯಮ 20ನೇ ಶತಮಾನದ ಕೊನೆಯವರೆಗೂ ಇತ್ತು. ರೆಫ್ರಿಗಳೂ ಹೆಚ್ಚಾಗಿ ಅದೇ ಮನೆಯವರು.

ಎಲ್ಲ ಕಡೆ ರೆಫ್ರಿ ಇದ್ದ ಅಂತಲೂ ತಿಳ್ಕೋಬೇಡಿ. 1936ರಲ್ಲಿ ಐನ್‌ಸ್ಟೈನ್ ಮತ್ತು ನೇಥನ್ ರೋಸೆನ್ ಅಮೆರಿಕದ 'ಫಿಸಿಕಲ್ ರಿವ್ಯೂ'ಗೆ ಗುರುತ್ವ ಅಲೆಗಳ ಬಗ್ಗೆ ಒಂದು ಪ್ರಬಂಧ ಕಳಿಸಿದರು. ಅಂಥ ಅಲೆಗಳೇ ಇಲ್ಲ ಅನ್ನೋದು ಅವರ ತೀರ್ಮಾನ. ಸಂಪಾದಕ ಜಾನ್ ಟೇಟ್ ಅದನ್ನ ಒಬ್ಬ ರೆಫ್ರಿಗೆ ಓದಕ್ಕೆ ಕೊಟ್ಟರು. ಐನ್‌ಸ್ಟೈನ್‌ಗೆ ಸಿಟ್ಟು ಬಂತು. ಅಚ್ಚಿಗೆ ಅಂತ ಕಳಿಸಿದ್ದನ್ನ ನನ್ನ ಕೇಳದೆ ಬೇರೆಯವರಿಗೆ ತೋರಿಸಿದ್ದು ಯಾಕೆ ಅಂತ ಪ್ರಬಂಧವನ್ನೇ ವಾಪಸ್ ತಗೊಂಡರು. ಆದರೆ ರೆಫ್ರಿ ಹೇಳಿದ್ದೇ ಸರಿ ಇತ್ತು! ಮರುವರ್ಷ ಬೇರೆ ಪತ್ರಿಕೆಯಲ್ಲಿ ಅದು ಬಂದಾಗ ತೀರ್ಮಾನ ಬದಲಾಗಿತ್ತು. ಆ ರೆಫ್ರಿ ಹೋವರ್ಡ್ ರಾಬರ್ಟ್‌ಸನ್ ಅಂತ ಲೋಕಕ್ಕೆ ಗೊತ್ತಾಗಕ್ಕೆ ದಶಕಗಳೇ ಬೇಕಾದವು. 'ನೇಚರ್' ಪತ್ರಿಕೆಯಂತೂ ಹೊರಗಿನವರ ಪರಿಶೀಲನೆ ಕಡ್ಡಾಯ ಅಂತ ಮಾಡಿದ್ದು 1973ರಲ್ಲಿ. ಜೆರಾಕ್ಸ್ ಮೆಷಿನ್ ಬರೋವರೆಗೆ ಒಂದು ಹಸ್ತಪ್ರತಿಯನ್ನ ಮೂರು ಜನಕ್ಕೆ ಮೂರು ಊರಿಗೆ ಕಳಿಸೋದೇ ದೊಡ್ಡ ಕೆಲಸ ಅನ್ನೋದನ್ನೂ ಮರೀಬಾರದು. ನಾವು ಸನಾತನ ಅಂದುಕೊಂಡಿರೋ ಈ ಪದ್ಧತಿ ಎಲ್ಲ ಕಡೆ ಬೇರೂರಿ ನಮ್ಮ ಅಪ್ಪಂದಿರ ವಯಸ್ಸಷ್ಟೇ ಆಗಿದೆ.

*

ಈಗ ನಮ್ಮ ಕರ್ನಾಟಕಕ್ಕೆ ಬರೋಣ. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ಬೆಂಗಳೂರಿನಲ್ಲಿ, ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಷನ್‌ನಲ್ಲಿ, ಹೊಸ ವಿಕಿರಣದ ಬಗ್ಗೆ ಭಾಷಣ ಮಾಡಿದರು. ಅದು ತಿಂಗಳೊಪ್ಪತ್ತಿನಲ್ಲಿ ಕಲ್ಕತ್ತದ 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ ಅಚ್ಚಾಯ್ತು. ಆ ಪತ್ರಿಕೆ ಶುರುಮಾಡಿದ್ದೂ ರಾಮನ್‌ರೇ, 1926ರಲ್ಲಿ. ಲಂಡನ್ನಿನ ಯಾರದ್ದೋ ಮೇಜಿನ ಮೇಲೆ ನಮ್ಮ ಕೆಲಸ ಕಾದು ಕೂರಬಾರದು, ನಮ್ಮ ಪತ್ರಿಕೆ ನಮಗೇ ಇರಬೇಕು ಅನ್ನೋದು ಅವರ ಹಟ. 1932ರಲ್ಲಿ ಬೆಂಗಳೂರಿನಿಂದ 'ಕರೆಂಟ್ ಸೈನ್ಸ್' ಶುರುವಾಯ್ತು. 1934ರಲ್ಲಿ ರಾಮನ್ ಬೆಂಗಳೂರಿನಲ್ಲೇ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿದರು, ಅದರ 'ಪ್ರೊಸೀಡಿಂಗ್ಸ್' ಬಂತು. ಆ ಹಳೇ ಸಂಚಿಕೆಗಳನ್ನ ತೆರೆದರೆ ಎಷ್ಟೋ ಪ್ರಬಂಧಗಳ ತಲೆಯ ಮೇಲೆ 'ಇಂಥ ಫೆಲೋ ಅವರ ಮೂಲಕ ಬಂದದ್ದು' ಅನ್ನೋ ಅರ್ಥದ ಸಾಲು ಕಾಣುತ್ತೆ. ನೋಡಿ, ಪತ್ರಿಕೆ ನಮ್ಮದಾದರೂ ಹಿಡೀಬೇಕಾದವರು ಇದ್ದೇ ಇದ್ದರು :) ಆದರೆ ಹಿಡೀಬೇಕಾದವರು ನಮ್ಮ ಊರಲ್ಲೇ ಸಿಗೋ ಹಾಗಾಯ್ತಲ್ಲ, ಅದೇ ದೊಡ್ಡ ಹೆಜ್ಜೆ. ಈ 'ಕರೆಂಟ್ ಸೈನ್ಸ್' ಹೆಸರು ನೆನಪಿಟ್ಟುಕೊಳ್ಳಿ, ಇನ್ನೊಂದು ಸಲ ಬರುತ್ತೆ.

ಕ್ರೀಡಾ ವಿಜ್ಞಾನ ಇದಕ್ಕೆಲ್ಲ ತಡವಾಗಿ ಬಂದ ನೆಂಟ. ಸ್ನಾಯು ಹೇಗೆ ಶಾಖ ಹುಟ್ಟಿಸುತ್ತೆ ಅಂತ ಅಳೆದ ಎ.ವಿ. ಹಿಲ್‌ಗೆ 1922ರ ನೊಬೆಲ್ ಸಿಕ್ಕಿತು. 1927ರಿಂದ 1947ರವರೆಗೆ ಹಾರ್ವರ್ಡ್‌ನಲ್ಲಿ ದಣಿವನ್ನೇ ಅಭ್ಯಾಸ ಮಾಡೋ ಪ್ರಯೋಗಾಲಯ ಇತ್ತು. ಆದರೆ ಈ ವಿಷಯಕ್ಕೇ ಅಂತ ಜರ್ನಲ್‌ಗಳು ನಿಂತಿದ್ದು 1960ರ ದಶಕದಲ್ಲಿ. ಬ್ರಿಟನ್ನಿನ ಕ್ರೀಡಾ ವೈದ್ಯರ ಪತ್ರಿಕೆ 1964ರಲ್ಲಿ ಸಣ್ಣ ಬುಲೆಟಿನ್ ಆಗಿ ಶುರುವಾಗಿ ಆಮೇಲೆ 'ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್' ಆಯ್ತು. ಅಮೆರಿಕದ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 1969ರಲ್ಲಿ ತನ್ನ ಜರ್ನಲ್ ತಂದಿತು. ಅಂದರೆ ಇಲ್ಲಿನ ರೆಫ್ರಿಗಿರಿಗೆ ಆರು ದಶಕ ಅಷ್ಟೇ.

*

ಈ ಹೊಸ ಕ್ಷೇತ್ರದಲ್ಲಿ ರೆಫ್ರಿಯ ಕಣ್ಣು ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಎರಡು ಕಥೆ ಹೇಳ್ತೀನಿ. ಮೊದಲನೆಯದು ಲೆಕ್ಕದ್ದು.

ಕ್ರೀಡಾ ವಿಜ್ಞಾನದ ದೊಡ್ಡ ತಲೆನೋವು ಅಂದರೆ ಜನ ಸಿಗಲ್ಲ. ಒಂದು ತಂಡದಲ್ಲಿ ಹನ್ನೆರಡು ಜನ ಇರ್ತಾರೆ, ಅವರಲ್ಲಿ ಇಬ್ಬರಿಗೆ ಪೆಟ್ಟು. ಹತ್ತು ಜನರ ಮೇಲೆ ಪ್ರಯೋಗ ಮಾಡಿ ಏನು ಹೇಳೋದು? ಹತ್ತು ಸಲ ನಾಣ್ಯ ಚಿಮ್ಮಿ ನೋಡಿ. ನಾಣ್ಯ ಸರಿ ಇದ್ದರೂ ಏಳು ಅಥವಾ ಅದಕ್ಕಿಂತ ಹೆಚ್ಚು ಸಲ ತಲೆಯೇ ಬೀಳೋ ಸಾಧ್ಯತೆ ನೂರಕ್ಕೆ ಸುಮಾರು 17. ಅಂದರೆ ಹತ್ತರಲ್ಲಿ ಏಳು ಜನಕ್ಕೆ ಹೊಸ ವ್ಯಾಯಾಮದಿಂದ ಗುಣ ಕಂಡಿತು ಅಂದರೆ, ಅದು ವ್ಯಾಯಾಮದ ಗುಣವೋ ನಾಣ್ಯದ ಗುಣವೋ ಹೇಳಕ್ಕಾಗಲ್ಲ. ಈ ತಲೆನೋವಿಗೆ ಮದ್ದು ಅಂತ ಅಲನ್ ಬ್ಯಾಟರ್‌ಹ್ಯಾಮ್ ಮತ್ತು ವಿಲ್ ಹಾಪ್‌ಕಿನ್ಸ್ 2006ರಲ್ಲಿ 'ಮ್ಯಾಗ್ನಿಟ್ಯೂಡ್ ಬೇಸ್ಡ್ ಇನ್ಫರೆನ್ಸ್' ಅನ್ನೋ ಹೊಸ ಲೆಕ್ಕದ ವಿಧಾನವನ್ನ ಜರ್ನಲ್‌ನಲ್ಲಿ ಮುಂದಿಟ್ಟರು. ಇಳಿಸಿಕೊಂಡು ಬಳಸಕ್ಕೆ ರೆಡಿಯಾದ ಸ್ಪ್ರೆಡ್‌ಶೀಟ್ ಕೂಡ ಇತ್ತು. ನಿಮ್ಮ ಅಂಕಿಗಳನ್ನ ಹಾಕಿದರೆ ಸಾಕು, 'ಬಹುಶಃ ಲಾಭ', 'ಖಂಡಿತ ಲಾಭ' ಅಂತ ಉತ್ತರ ಬರ್ತಿತ್ತು. ಸುಲಭವಾಗಿದ್ದರಿಂದ ಊರೆಲ್ಲ ಹಬ್ಬಿತು.

ಸಂಖ್ಯಾಶಾಸ್ತ್ರದವರು ಆಗಾಗ ಎಚ್ಚರಿಸಿದರು. 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಖ್ಯಾಶಾಸ್ತ್ರಜ್ಞೆ ಕ್ರಿಸ್ಟಿನ್ ಸೈನಾನಿ ಇದನ್ನ ಗಣಿತದಲ್ಲೇ ಬಿಡಿಸಿಟ್ಟರು. ಆಟಗಾರರ ಸಂಖ್ಯೆ ಕಡಿಮೆ ಇದ್ದಾಗ, ಇಲ್ಲದ ಪರಿಣಾಮವನ್ನ ಇದೆ ಅಂತ ತೋರಿಸೋ ಸಾಧ್ಯತೆ ಈ ವಿಧಾನದಲ್ಲಿ ಮಾಮೂಲಿ ವಿಧಾನಕ್ಕಿಂತ ಎರಡರಿಂದ ಆರು ಪಟ್ಟು ಜಾಸ್ತಿ! ಹನ್ನೆರಡು ವರ್ಷ ಎಷ್ಟು ಪ್ರಬಂಧಗಳು ಎಷ್ಟು ರೆಫ್ರಿಗಳ ಕಣ್ಣಡಿ ದಾಟಿ ಹೋದವು ನೋಡಿ. ರೆಫ್ರಿಗಳು ಸೋಮಾರಿಗಳು ಅಂತ ನಾನು ಹೇಳ್ತಿಲ್ಲ. ಬರೆದವರೂ ಓದಿದವರೂ ಒಂದೇ ಸ್ಪ್ರೆಡ್‌ಶೀಟ್ ನಂಬಿದ್ದರು ಅಷ್ಟೇ. ಸರೀಕರೆಲ್ಲ ಒಂದೇ ಗರಡಿಯಲ್ಲಿ ಪಳಗಿದವರಾದರೆ ಒಬ್ಬರ ತಪ್ಪು ಇನ್ನೊಬ್ಬರಿಗೆ ಕಾಣಲ್ಲ. 2021ರಲ್ಲಿ ಸೈನಾನಿ ಮತ್ತು ಸಂಗಡಿಗರು ಕ್ರೀಡಾ ಸಂಶೋಧನೆಗೆ ಸಂಖ್ಯಾಶಾಸ್ತ್ರದವರನ್ನ ಜೊತೆಗೆ ಸೇರಿಸಿಕೊಳ್ಳಿ ಅಂತ ಬಹಿರಂಗವಾಗಿ ಕರೆ ಕೊಟ್ಟರು. ಲೆಕ್ಕ ಬಲ್ಲ ಇಂಜಿನಿಯರ್ ಗೆಳೆಯರೇ, ಕಿವಿಗೆ ಬಿತ್ತಾ?

ಎರಡನೆಯ ಕಥೆ ನಮ್ಮ ದೇಶದ ಹುಡುಗಿಯದ್ದು. ಒಡಿಶಾದ ನೇಕಾರರ ಮನೆಯ ದ್ಯುತಿ ಚಂದ್ ಓಟಗಾರ್ತಿ. 2014ರಲ್ಲಿ ಅವರ ರಕ್ತದಲ್ಲಿ ಟೆಸ್ಟೊಸ್ಟಿರಾನ್ ಸಹಜವಾಗಿಯೇ ಜಾಸ್ತಿ ಇದೆ ಅಂತ ಕಾಮನ್‌ವೆಲ್ತ್ ಕ್ರೀಡಾಕೂಟದಿಂದ ಕೈಬಿಟ್ಟರು. ಹದಿನೆಂಟರ ವಯಸ್ಸು. ಅವರು ಸುಮ್ಮನೆ ಕೂರದೆ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯಕ್ಕೆ ಹೋದರು. 2015ರ ಜುಲೈನಲ್ಲಿ ನ್ಯಾಯಾಲಯ ಆ ನಿಯಮವನ್ನ ಎರಡು ವರ್ಷ ತಡೆಹಿಡಿದು, ಹಾರ್ಮೋನಿನಿಂದ ಎಷ್ಟು ಲಾಭ ಅನ್ನೋದಕ್ಕೆ ಪುರಾವೆ ತನ್ನಿ ಅಂತ ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಗೆ ಹೇಳಿತು.

ಪುರಾವೆ ಬಂದಿದ್ದು ಎಲ್ಲಿ? ಒಂದು ಕ್ರೀಡಾ ವಿಜ್ಞಾನ ಜರ್ನಲ್‌ನಲ್ಲಿ. ಮೇಲೆ ಹೇಳಿದ ಬ್ರಿಟಿಷ್ ಜರ್ನಲ್‌ನಲ್ಲೇ 2017ರಲ್ಲಿ ಸ್ಟೆಫಾನ್ ಬೆರ್ಮನ್ ಮತ್ತು ಪಿಯರ್-ಈವ್ ಗಾರ್ನಿಯೆ ಅವರ ಪ್ರಬಂಧ ಪ್ರಕಟವಾಯ್ತು. ಇಬ್ಬರೂ ಆ ಅಥ್ಲೆಟಿಕ್ಸ್ ಸಂಸ್ಥೆಯ ಜೊತೆ ಕೆಲಸ ಮಾಡೋರೇ. 2011 ಮತ್ತು 2013ರ ವಿಶ್ವ ಚಾಂಪಿಯನ್‌ಶಿಪ್‌ಗಳ ಅಂಕಿ ಇಟ್ಟುಕೊಂಡು, 400 ಮೀಟರ್, 800 ಮೀಟರ್ ಸೇರಿ ಮಹಿಳೆಯರ ಐದು ಸ್ಪರ್ಧೆಗಳಲ್ಲಿ ಹೆಚ್ಚು ಹಾರ್ಮೋನ್ ಇದ್ದವರು ಮುಂದಿದ್ದರು ಅಂತ ಅದು ಹೇಳಿತು. 2018ರಲ್ಲಿ 400 ಮೀಟರಿನಿಂದ ಒಂದು ಮೈಲಿವರೆಗಿನ ಓಟಗಳಿಗೆ ಹೊಸ ನಿಯಮ ಬಂತು. 100, 200 ಮೀಟರ್ ಓಡೋ ದ್ಯುತಿ ಬಚಾವಾದರು. 800 ಮೀಟರಿನ ಕ್ಯಾಸ್ಟರ್ ಸೆಮೆನ್ಯಾ ಸಿಕ್ಕಿಹಾಕಿಕೊಂಡರು.

ರೋಜರ್ ಪಿಯೆಲ್ಕೆ, ರಾಸ್ ಟಕರ್, ಎರಿಕ್ ಬೋಯೆ ಅನ್ನೋ ಮೂವರು "ಅಂಕಿ ತೋರಿಸಿ" ಅಂತ ಕೇಳಿದರು. ಸಿಕ್ಕಿದ್ದು ಸ್ವಲ್ಪ ಭಾಗ ಮಾತ್ರ. ಅಷ್ಟರಲ್ಲೇ ಒಬ್ಬರನ್ನೇ ಎರಡು ಸಲ ಎಣಿಸಿದ್ದು, ಒಂದೇ ಸಮಯ ಎರಡು ಸಲ ಬಂದದ್ದು, ಯಾರೂ ಓಡಿರದ ಸಮಯಗಳು, ಹೀಗೆ ತಪ್ಪುಗಳ ಸಾಲು. 2019ರಲ್ಲಿ ಅವರು ಇದನ್ನ ಪ್ರಕಟಿಸಿದರು. ಅದೇ ವರ್ಷ ಮೇ 1ರಂದು ಕ್ರೀಡಾ ನ್ಯಾಯಾಲಯ ಇಬ್ಬರು-ಒಬ್ಬರು ಬಹುಮತದಿಂದ ಸೆಮೆನ್ಯಾ ವಿರುದ್ಧ ತೀರ್ಪು ಕೊಟ್ಟಿತು. 2021ರಲ್ಲಿ ಜರ್ನಲ್ ಒಂದು ತಿದ್ದುಪಡಿ ಹಾಕಿತು. ಅದರ ಪ್ರಕಾರ 2017ರ ಕೆಲಸ ಬರೀ ಪ್ರಾಥಮಿಕ ಹುಡುಕಾಟ, ಹಾರ್ಮೋನ್ ಕಾರಣದಿಂದಲೇ ಗೆದ್ದರು ಅಂತ ಅದು ಸಾಬೀತು ಮಾಡಲ್ಲ. ನಾಲ್ಕು ವರ್ಷ ಆದಮೇಲೆ!

ಹಾರ್ಮೋನ್ ನಿಯಮ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ, ಅದಕ್ಕೆ ಬೇರೆ ಪುರಾವೆಗಳೂ ವಾದಗಳೂ ಇವೆ. ನಾನು ಹೇಳ್ತಿರೋದು ಇಷ್ಟೇ: ಆ ಅಂಕಿಗಳ ಪಟ್ಟಿಯನ್ನ ಅಚ್ಚಿಗೆ ಮುಂಚೆ ಸಾಲು ಸಾಲಾಗಿ ನೋಡೋ ಅವಕಾಶ ಒಬ್ಬ ಹಟಮಾರಿ ಓದುಗನಿಗೆ ಸಿಕ್ಕಿದ್ದರೆ? ಕಬಡ್ಡಿಯಲ್ಲಿ ರೆಫ್ರಿ ತಪ್ಪಿದರೆ ಒಂದು ಪಾಯಿಂಟ್ ಹೋಗುತ್ತೆ. ಇಲ್ಲಿ ತಪ್ಪಿದರೆ ಹುಡುಗಿಯೊಬ್ಬಳ ಓಟವೇ ನಿಂತುಹೋಗುತ್ತೆ.

*

ಇನ್ನು ನಮ್ಮ ದೇಶದ ಕಥೆ. 2010ರ ಯುಜಿಸಿ ನಿಯಮಗಳಲ್ಲಿ ಕಾಲೇಜು ಅಧ್ಯಾಪಕರ ಬಡ್ತಿಗೆ ಪ್ರಬಂಧಗಳಿಗೆ ಅಂಕ ಅನ್ನೋ ಪದ್ಧತಿ ಬಂತು. ಸರಿ, ಬೇಡಿಕೆ ಇದ್ದಲ್ಲಿ ಅಂಗಡಿ! ದುಡ್ಡು ಕಟ್ಟಿದರೆ ಮೂರೇ ದಿನಕ್ಕೆ ಅಚ್ಚು ಮಾಡೋ 'ಇಂಟರ್‌ನ್ಯಾಷನಲ್ ಜರ್ನಲ್'ಗಳು ಹುಟ್ಟಿಕೊಂಡವು. 2013ರಲ್ಲಿ ಜಾನ್ ಬೊಹಾನನ್ ಅನ್ನೋ ಪತ್ರಕರ್ತ ಬೇಕಂತಲೇ ತಪ್ಪು ತುಂಬಿದ ಒಂದು ಸುಳ್ಳು ಪ್ರಬಂಧವನ್ನ ಜಗತ್ತಿನ 304 ಜರ್ನಲ್‌ಗಳಿಗೆ ಕಳಿಸಿದರು. 157 ಜರ್ನಲ್‌ಗಳು ಒಪ್ಪಿಕೊಂಡುಬಿಟ್ಟವು. ಅವುಗಳಲ್ಲಿ ನಮ್ಮ ದೇಶದ ಪಾಲು ದೊಡ್ಡದಿತ್ತು ಅನ್ನೋದು ನಾಚಿಕೆಯ ವಿಷಯ.

ಯುಜಿಸಿ ಒಂದು ಮಾನ್ಯ ಪಟ್ಟಿ ಮಾಡಿತು. 2018ರಲ್ಲಿ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಆ ಪಟ್ಟಿಯನ್ನೇ ಪರಿಶೀಲನೆಗೆ ಹಚ್ಚಿದರು. ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಸೇರಿದ ಜರ್ನಲ್‌ಗಳಲ್ಲಿ ಅವರು ಆರಿಸಿ ನೋಡಿದವುಗಳ ಪೈಕಿ ನೂರಕ್ಕೆ 88ಕ್ಕೂ ಹೆಚ್ಚು ಕಳಪೆ ಇರಬಹುದು ಅಂತ ಬಂತು. ಈ ಅಧ್ಯಯನ ಪ್ರಕಟವಾಗಿದ್ದು ಎಲ್ಲಿ ಗೊತ್ತಾ? 1932ರಲ್ಲಿ ಹುಟ್ಟಿದ ನಮ್ಮ ಬೆಂಗಳೂರಿನ 'ಕರೆಂಟ್ ಸೈನ್ಸ್'ನಲ್ಲಿ! ಅದೇ ವರ್ಷ ಮೇ ತಿಂಗಳಲ್ಲಿ ಯುಜಿಸಿ 4,305 ಜರ್ನಲ್‌ಗಳನ್ನ ಪಟ್ಟಿಯಿಂದ ತೆಗೆದುಹಾಕಿತು. 2019ರಲ್ಲಿ 'ಕೇರ್' ಅನ್ನೋ ಹೊಸ ಪಟ್ಟಿ ಬಂತು, 2025ರ ಫೆಬ್ರವರಿಯಲ್ಲಿ ಅದನ್ನೂ ಕೈಬಿಟ್ಟರು. ಜರ್ನಲ್ ಒಳ್ಳೇದೋ ಕೆಟ್ಟದ್ದೋ ನೋಡೋ ಹೊಣೆ ಈಗ ಸಂಸ್ಥೆಗಳದ್ದು, ಅಧ್ಯಾಪಕರದ್ದು.

ನನಗೆ ಹೊಟ್ಟೆ ಉರಿಯೋದು ಇಲ್ಲೇ. ಸಣ್ಣ ಊರಿನ ಕಾಲೇಜಿನ ಅಧ್ಯಾಪಕರು ಸಂಬಳದ ದುಡ್ಡು ಕೊಟ್ಟು ಇಂಥ ಕಡೆ ಅಚ್ಚು ಹಾಕಿಸ್ತಾರೆ. ಅವರ ಪ್ರಬಂಧವನ್ನ ಅಲ್ಲಿ ಯಾರೂ ಓದಲ್ಲ. ತಪ್ಪಿದ್ದರೆ ಹೇಳೋರಿಲ್ಲ, ಚೆನ್ನಾಗಿದ್ದರೆ ಗುರುತಿಸೋರಿಲ್ಲ. ತಾವು ಬರೆದದ್ದನ್ನ ಯಾರಾದರೂ ಒರೆಗೆ ಹಚ್ಚಿ ನೋಡಿದ್ದನ್ನ ಒಮ್ಮೆಯೂ ಕಾಣದವರು ಇನ್ನೊಬ್ಬರದ್ದನ್ನ ಒರೆಗೆ ಹಚ್ಚೋದು ಹೇಗೆ ಕಲೀಬೇಕು? ಸೀಟಿ ಕೇಳಿಯೇ ಇರದ ಆಟಗಾರ ರೆಫ್ರಿ ಆಗಕ್ಕಾಗುತ್ತಾ?

*

ಹಾಗಾದರೆ ಇವತ್ತು ಯಾರನ್ನ ಹಿಡೀಬೇಕು? ಉತ್ತರ: ಯಾರನ್ನೂ ಬೇಡ. ಈಗ ಆಟ ಉಲ್ಟಾ ಆಗಿದೆ, ಸಂಪಾದಕರೇ ರೆಫ್ರಿಗಳನ್ನ ಹಿಡಿಯಕ್ಕೆ ಓಡಾಡ್ತಿದಾರೆ. ಪ್ರಬಂಧಗಳು ರಾಶಿ, ಪುಕ್ಕಟೆ ಓದಿಕೊಡೋರು ಕಡಿಮೆ. ಅವರು ಹುಡುಕೋದು ಹೇಗೆ? ಸಲ್ಲಿಕೆಯಾದ ಪ್ರಬಂಧದ ವಿಷಯದಲ್ಲೇ ಮುಂಚೆ ಯಾರು ಬರೆದಿದಾರೆ, ಆ ಪ್ರಬಂಧದ ಕೊನೆಯ ಪಟ್ಟಿಯಲ್ಲಿ ಯಾರ ಹೆಸರಿದೆ ಅಂತ ನೋಡ್ತಾರೆ. ಹಾಗಾಗಿ ಮೊದಲು ಒಳ್ಳೆ ಕಡೆ, ನಿಜವಾದ ಪರಿಶೀಲನೆ ಇರೋ ಕಡೆ, ಒಂದಾದರೂ ಬರೀಬೇಕು. ಐದು ಕಳಪೆಗಿಂತ ಒಂದು ಗಟ್ಟಿ. 2012ರಿಂದ ಇರೋ ಆರ್ಕಿಡ್ ಅನ್ನೋ ಪುಕ್ಕಟೆ ಗುರುತಿನ ಸಂಖ್ಯೆ ಮಾಡಿಸಿಕೊಂಡರೆ ಒಂದೇ ಹೆಸರಿನ ಹತ್ತು ಜನರ ನಡುವೆ ನಿಮ್ಮನ್ನ ಗುರುತಿಸಬಹುದು. ನಮ್ಮ ಕಡೆ ಕೊಟ್ರೇಶ್‌ಗಳು ಎಷ್ಟು ಜನ ಇದಾರೆ ಗೊತ್ತಲ್ಲ :) ನಿಮ್ಮ ಗೈಡ್‌ಗೆ ರಿವ್ಯೂ ಬಂದರೆ, ಸಂಪಾದಕರಿಗೆ ತಿಳಿಸಿ ಅವರ ಜೊತೆ ಕೂತು ಮಾಡಬಹುದು, ಹಳೇ ಗರಡಿಯ ಉಸ್ತಾದರ ಪಕ್ಕ ನಿಂತು ಪಟ್ಟು ಕಲಿತ ಹಾಗೆ. ಹಲವು ಜರ್ನಲ್‌ಗಳಲ್ಲಿ ರಿವ್ಯೂವರ್ ಆಗಿ ನೀವೇ ಹೆಸರು ನೋಂದಾಯಿಸಬಹುದು. ಪ್ರಬಂಧ ಗುಟ್ಟಾಗಿಡಬೇಕು. ಬರೆದವರು ನೆಂಟರೋ, ಶಿಷ್ಯರೋ, ವೈರಿಯೋ ಆಗಿದ್ದರೆ ಆಗಲ್ಲ ಅನ್ನಬೇಕು. ಗೊತ್ತಿಲ್ಲದ ಭಾಗವನ್ನ ಗೊತ್ತಿಲ್ಲ ಅಂತಲೇ ಬರೀಬೇಕು. ಒಂದು ಎಚ್ಚರಿಕೆ: ದುಡ್ಡು ಕೇಳಿ ರಿವ್ಯೂವರ್ ಸರ್ಟಿಫಿಕೇಟ್ ಕೊಡೋರು ಮೇಲೆ ಹೇಳಿದ ಅಂಗಡಿಯವರೇ.

ಇನ್ನು ಕೊನೇ ಪ್ರಶ್ನೆ, ಕೂಡ್ಲಿಗಿ-ಹರಪನಹಳ್ಳಿಯವರಿಂದ ಜಗತ್ತಿಗೆ ಏನು ಉಪಯೋಗ?

ಒಂದು ಪ್ರಬಂಧ ಊಹಿಸಿಕೊಳ್ಳಿ. ಕಾಲೇಜಿನ ಇಪ್ಪತ್ತು ಹುಡುಗರಿಗೆ ಎಂಟು ವಾರ ತರಬೇತಿ ಕೊಟ್ಟರು, 100 ಮೀಟರ್ ಓಟದ ಸಮಯ 0.2 ಸೆಕೆಂಡ್ ಇಳಿಯಿತು, ತರಬೇತಿ ಫಲಕಾರಿ! ಪರದೇಶದ ಪ್ರಯೋಗಾಲಯದಲ್ಲಿ ಕೂತವರು ಸರಿ ಅಂದುಬಿಡಬಹುದು. ನಮ್ಮ ಪಿಇ ಮೇಷ್ಟ್ರು ಮಾತ್ರ ಕೇಳ್ತಾರೆ: ಸಮಯ ಯಾರು ಹಿಡಿದರು? ಕೈ ಗಡಿಯಾರವೋ ಎಲೆಕ್ಟ್ರಾನಿಕ್ಕೋ? ಕೈಯಲ್ಲಿ ಹಿಡಿದ 100 ಮೀಟರ್ ಸಮಯಕ್ಕೆ 0.24 ಸೆಕೆಂಡ್ ಸೇರಿಸಿಯೇ ಎಲೆಕ್ಟ್ರಾನಿಕ್ ಸಮಯಕ್ಕೆ ಹೋಲಿಸೋದು ವಾಡಿಕೆ. ನಿಮ್ಮ ಇಡೀ ಲಾಭ ಗಡಿಯಾರದ ವ್ಯತ್ಯಾಸದಷ್ಟೂ ಇಲ್ಲವಲ್ಲ! ಮೈದಾನ ಗರಸಿನದ್ದೋ ಸಿಂಥೆಟಿಕ್ಕೋ? ಬರಿಗಾಲೋ ಶೂಗಳೋ? ಮೊದಲ ಓಟ ಫೆಬ್ರವರಿಯ ತಂಪು ಬೆಳಗ್ಗೆಯೋ, ಕೊನೆಯ ಓಟ 40 ಡಿಗ್ರಿ ಮುಟ್ಟೋ ಏಪ್ರಿಲ್ ಬಿಸಿಲಿನಲ್ಲೋ? ತರಬೇತಿ ಇಲ್ಲದ ಇನ್ನೊಂದು ಗುಂಪು ಇತ್ತೋ? ಹುಡುಗಿಯರು ಎಲ್ಲಿ? ಈ ಕೊನೇ ಪ್ರಶ್ನೆ ಬರೀ ನಮ್ಮದಲ್ಲ. 2014ರಲ್ಲಿ ಮೂರು ದೊಡ್ಡ ಜರ್ನಲ್‌ಗಳ 1,382 ಪ್ರಬಂಧ ಎಣಿಸಿ ನೋಡಿದಾಗ ಭಾಗವಹಿಸಿದವರಲ್ಲಿ ಹೆಂಗಸರು ನೂರಕ್ಕೆ 39 ಮಾತ್ರ.

ಕೆಂಪು ಮಣ್ಣಿನ ಮೈದಾನದಲ್ಲಿ ಹಗ್ಗ ಹಿಡಿದು ಟ್ರ್ಯಾಕ್ ಅಳೆದವರಿಗೆ ಈ ಪ್ರಶ್ನೆಗಳು ತಾವಾಗೇ ಹೊಳೀತವೆ. ಈಗ ಪ್ರಯೋಗಾಲಯವೂ ದೂರ ಇಲ್ಲ. ಕೂಡ್ಲಿಗಿ ಪಕ್ಕದ ಸಂಡೂರು ತಾಲ್ಲೂಕಿನ ತೋರಣಗಲ್ಲು ಬಳಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯ್ತು. ನೀರಜ್ ಚೋಪ್ರಾ 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಆದಮೇಲೆ ಚೇತರಿಸಿಕೊಂಡಿದ್ದು ಅಲ್ಲೇ. ಎರಡು ವರ್ಷಕ್ಕೆ ಟೋಕಿಯೋದಲ್ಲಿ ಚಿನ್ನ. ಆ ಕಡೆ ಜಗತ್ತಿನ ಮಟ್ಟದ ಕ್ರೀಡಾ ವಿಜ್ಞಾನ, ಈ ಕಡೆ ಐದು ತಾಲ್ಲೂಕಿನ ಮೈದಾನಗಳು. ನಡುವೆ ಬಸ್ಸಿನಲ್ಲಿ ಕೆಲವೇ ಗಂಟೆ ದಾರಿ. ಎರಡನ್ನೂ ಬಲ್ಲ ಓದುಗರು ಬೇಕು.

ಗೆಳೆಯರಿಗೆ ಇದನ್ನೆಲ್ಲ ಹೇಳಿ, ಬೇಕಾದರೆ ಲೆಕ್ಕದ ಭಾಗ ಕಲಿಯಕ್ಕೆ ಭಾನುವಾರ ಒಂದು ಗಂಟೆ ನಾನು ಕೂರ್ತೀನಿ ಅಂದಿದೀನಿ. ನಿಮ್ಮಲ್ಲಿ ಯಾರಾದರೂ ಯಾವುದೇ ವಿಷಯದ ಜರ್ನಲ್‌ಗೆ ರಿವ್ಯೂ ಮಾಡಿದ್ದರೆ, ಮೊದಲ ಸಲ ಹೇಗೆ ಕರೆ ಬಂತು, ಏನು ಕಷ್ಟ ಆಯ್ತು ಅಂತ ಕೆಳಗೆ ಬರೀರಿ. ಕನ್ನಡದಲ್ಲಿ ಈ ಬಗ್ಗೆ ನಾಲ್ಕು ಮಾತು ಒಂದೇ ಕಡೆ ಸಿಕ್ಕರೆ ಮುಂದೆ ಹಡಗಲಿಯಲ್ಲೋ ಕೊಟ್ಟೂರಲ್ಲೋ ಕೂತು ಹುಡುಕೋರಿಗೆ ಸಹಾಯ ಆಗುತ್ತೆ. ಮತ್ತೆ, ಈ ಬರಹದಲ್ಲಿ ತಪ್ಪು ಕಂಡರೆ ಮುಲಾಜಿಲ್ಲದೆ ಹೇಳಿ. ಸರೀಕರು ನೀವೇ ತಾನೇ?